ಸ್ನಾಯುಗಳ ಮೇಲೆ ಕೆಲಸ ಮಾಡುವ ಔಷಧಗಳು: ವಿಷಬಾಧೆಗೂ ಅಡ್ಡಪರಿಣಾಮಕ್ಕೂ ಕೋಡ್ ಹಾಕುವ ಕ್ರಮ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ವೈದ್ಯಕೀಯ ಕೋಡಿಂಗ್, ಅಂದರೆ ಕಡತದಲ್ಲಿರುವ ರೋಗ, ಔಷಧದ ವಿವರಗಳನ್ನು ಅಕ್ಷರ, ಅಂಕೆಗಳ ಸಂಕೇತಕ್ಕೆ ಇಳಿಸುವ ಕೆಲಸ, ಮಾಡುವವರು ಎರಡು ಬಗೆಯವರು. ಕೆಲವರು ಇಲ್ಲಿಯ ಆಸ್ಪತ್ರೆಗಳ ದಾಖಲೆ ವಿಭಾಗದಲ್ಲಿ ಕುಳಿತು ಡಿಸ್ಚಾರ್ಜ್ ಆದವರ ಕೇಸ್ ಶೀಟುಗಳಿಗೂ ಮರಣ ಪ್ರಮಾಣಪತ್ರಗಳಿಗೂ ಕೋಡ್ ಹಾಕುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಕಂಪನಿಗಳಿಗಾಗಿ ಮನೆಯಿಂದಲೇ ಅಮೆರಿಕದ ಆಸ್ಪತ್ರೆಗಳ ಕಡತಗಳನ್ನು ನೋಡುತ್ತಾರೆ. ಇಬ್ಬರಿಗೂ ತೊಡಕು ಕೊಡುವ ಜಾಗಗಳಲ್ಲಿ ಟಿ48 ಎಂಬ ವರ್ಗ ಒಂದು. ನಯಸ್ನಾಯು (ಕರುಳು, ಗರ್ಭಕೋಶಗಳಲ್ಲಿರುವಂಥದು), ಅಸ್ಥಿಸ್ನಾಯು (ಮೂಳೆಗೆ ಅಂಟಿರುವಂಥದು) ಮತ್ತು ಉಸಿರಾಟದ ವ್ಯವಸ್ಥೆಯ ಮೇಲೆ ಮುಖ್ಯವಾಗಿ ಕೆಲಸ ಮಾಡುವ ಔಷಧಗಳು ಈ ವರ್ಗಕ್ಕೆ ಸೇರುತ್ತವೆ. ತೊಡಕಿಗೆ ಕಾರಣ ಔಷಧಶಾಸ್ತ್ರದ ಕಷ್ಟವಲ್ಲ. ರೋಗಿಯ ಸ್ಥಿತಿ ಎಷ್ಟು ಗಂಭೀರವಾಗಿತ್ತು ಎಂಬುದನ್ನು ನೋಡಿ ಕೋಡ್ ಆರಿಸುವ ಅಭ್ಯಾಸವೇ ಕಾರಣ. ಐಸಿಯುಗೆ ಹೋದರೆ ವಿಷಬಾಧೆ, ತಲೆಸುತ್ತಿ ಮನೆಗೆ ಹೋದರೆ ಅಡ್ಡಪರಿಣಾಮ ಎಂಬ ಲೆಕ್ಕ ಸರಿಯಲ್ಲ. ಔಷಧವನ್ನು ಹೇಗೆ ಕೊಟ್ಟರು, ಹೇಗೆ ತೆಗೆದುಕೊಂಡರು ಎಂಬುದೊಂದೇ ಇಲ್ಲಿ ನಿರ್ಣಾಯಕ.

ಕೋಡ್‌ಗಳನ್ನು ತಂತ್ರಾಂಶದಲ್ಲಿ ರೋಮನ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಇಲ್ಲಿ ಅವನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ, ಟಿ48.1ಎಕ್ಸ್5ಎ ಎಂದರೆ ಏಳು ಸ್ಥಾನಗಳ ಒಂದು ಕೋಡ್.

ಮೊದಲು ಯಾವ ಪುಸ್ತಕ ಎಂಬುದನ್ನು ಖಚಿತಪಡಿಸಿಕೊಳ್ಳಿ

ನಮ್ಮ ದೇಶದ ಆಸ್ಪತ್ರೆಗಳ ರೋಗ ಅಂಕಿಅಂಶಕ್ಕೂ ಮರಣದ ಕಾರಣದ ವರ್ಗೀಕರಣಕ್ಕೂ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಪುಸ್ತಕ, ಐಸಿಡಿ-10. ಅಮೆರಿಕದ ಬಿಲ್ಲಿಂಗ್‌ಗೆ ಬೇಕಾದದ್ದು ಅದನ್ನೇ ಹಿಗ್ಗಿಸಿ ಮಾಡಿದ, ಅಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಐಸಿಡಿ-10-ಸಿಎಂ. ಐಸಿಡಿ-11 ಕೂಡ 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ಅದರ ರಚನೆಯೇ ಬೇರೆಯಾದ್ದರಿಂದ ಇಲ್ಲಿ ಅದನ್ನು ಎತ್ತಿಕೊಂಡಿಲ್ಲ.

ಎರಡು ಪುಸ್ತಕಗಳ ವ್ಯತ್ಯಾಸ ಬರೀ ಅಂಕೆಗಳ ಉದ್ದದಲ್ಲಿಲ್ಲ. ಅಮೆರಿಕದ ಆವೃತ್ತಿಯಲ್ಲಿ ಔಷಧ, ಘಟನೆಯ ಬಗೆ ಮತ್ತು ಉದ್ದೇಶ ಮೂರೂ ಒಂದೇ ಕೋಡಿನೊಳಗೆ ಅಡಕವಾಗಿರುತ್ತವೆ. ಆರನೆಯ ಸ್ಥಾನದ ಅಂಕೆ 1 ಇದ್ದರೆ ಆಕಸ್ಮಿಕ ವಿಷಬಾಧೆ, 2 ಇದ್ದರೆ ಉದ್ದೇಶಪೂರ್ವಕ ಸ್ವಹಾನಿ, 3 ಇದ್ದರೆ ಇನ್ನೊಬ್ಬರು ಮಾಡಿದ ಹಲ್ಲೆ, 4 ಇದ್ದರೆ ಉದ್ದೇಶ ನಿರ್ಧಾರವಾಗದ ವಿಷಬಾಧೆ, 5 ಇದ್ದರೆ ಅಡ್ಡಪರಿಣಾಮ, 6 ಇದ್ದರೆ ಬೇಕಾದದ್ದಕ್ಕಿಂತ ಕಡಿಮೆ ಔಷಧ ಸೇವನೆ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಟಿ48 ಎಂಬುದು ವಿಷಬಾಧೆಗೆ ಮಾತ್ರ ಮೀಸಲು. ಹೇಗಾಯಿತು ಎಂಬುದನ್ನು ಹೇಳಲು ಎಕ್ಸ್44, ಎಕ್ಸ್64, ಎಕ್ಸ್85, ವೈ14 ಮುಂತಾದ ಬಾಹ್ಯ ಕಾರಣದ ಕೋಡ್ ಒಂದನ್ನು ಜೊತೆಗೆ ಹಾಕಬೇಕು. ಸರಿಯಾಗಿ ಕೊಟ್ಟ ಔಷಧದಿಂದ ಅಡ್ಡಪರಿಣಾಮವಾದರೆ ಅಲ್ಲಿ ಟಿ48 ಬರುವುದೇ ಇಲ್ಲ. ಪರಿಣಾಮದ ಸ್ವರೂಪಕ್ಕೆ ಒಂದು ಕೋಡ್, ಜೊತೆಗೆ ವೈ55 ವರ್ಗದ ಒಂದು ಕೋಡ್ ಬರುತ್ತವೆ. ಎರಡೂ ಕೆಲಸ ಮಾಡಿ ಅಭ್ಯಾಸವಿರುವವರು ಒಂದರ ನಿಯಮವನ್ನು ಇನ್ನೊಂದಕ್ಕೆ ಒಯ್ಯುವುದು ಸಾಮಾನ್ಯ. ಕಡತ ತೆರೆದ ಕೂಡಲೇ ಪುಸ್ತಕ ಯಾವುದೆಂದು ಕೇಳಿಕೊಂಡರೆ ಅರ್ಧ ತಪ್ಪು ಅಲ್ಲಿಯೇ ನಿಲ್ಲುತ್ತದೆ. ಮುಂದೆ ಬರುವ ಏಳು ಸ್ಥಾನಗಳ ಕೋಡ್‌ಗಳೂ ಅವುಗಳ ಕ್ರಮವೂ ಅಮೆರಿಕದ ಆವೃತ್ತಿಯವು.

ಔಷಧದ ಹೆಸರಿನಿಂದ ಹೊರಡಿ, ಗುಂಪಿನ ಹೆಸರಿನಿಂದಲ್ಲ

ಕೇಸ್ ಶೀಟಿನಲ್ಲಿ ವೈದ್ಯರು ಬರಿದೇ ಮಸಲ್ ರಿಲ್ಯಾಕ್ಸೆಂಟ್ ಎಂದು ಬರೆದಿದ್ದರೆ ಕೋಡ್ ಹಾಕಲು ಅಷ್ಟು ಸಾಲದು. ಆ ಒಂದು ಮಾತಿನಡಿ ಕನಿಷ್ಠ ಎರಡು ಬೇರೆ ವರ್ಗಗಳು ಅಡಗಿವೆ. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ತಜ್ಞರು ಕೊಡುವ ಸಕ್ಸಿನೈಲ್‌ಕೋಲಿನ್, ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ ಮುಂತಾದವು ನರವೂ ಸ್ನಾಯುವೂ ಸೇರುವ ಜಾಗದಲ್ಲಿ ಸಂದೇಶವನ್ನು ತಡೆಯುತ್ತವೆ; ಇವು ಟಿ48.1ಕ್ಕೆ ಹೋಗುತ್ತವೆ. ಬೆನ್ನುನೋವಿಗೆ, ಸೊಂಟ ಹಿಡಿದದ್ದಕ್ಕೆ, ಪಾರ್ಶ್ವವಾಯುವಿನ ನಂತರದ ಸೆಟೆತಕ್ಕೆ ಬರೆಯುವ ಬ್ಯಾಕ್ಲೋಫೆನ್, ಟಿಜಾನಿಡಿನ್, ಕ್ಲೋರ್‌ಜೊಕ್ಸಜೋನ್, ಮೆಥೋಕಾರ್ಬಮಾಲ್ ಮುಂತಾದವು ಮಿದುಳು, ಬೆನ್ನುಹುರಿಗಳ ಮಟ್ಟದಲ್ಲಿ ಸ್ನಾಯುವಿನ ಬಿಗುವನ್ನು ಇಳಿಸುತ್ತವೆ. ಇವು ಟಿ48ರಲ್ಲಿಲ್ಲ, ಪಾರ್ಕಿನ್ಸನ್ ಔಷಧಗಳ ಜೊತೆಗೆ ಟಿ42.8ರಲ್ಲಿವೆ. ನಮ್ಮ ಕಡೆಯ ಮೆಡಿಕಲ್ ಶಾಪಿನಲ್ಲಿ ಮಾರಾಟವಾಗುವ, ಹೊರರೋಗಿ ಚೀಟಿಯಲ್ಲಿ ಕಾಣುವ ಸ್ನಾಯು ಸಡಿಲಿಸುವ ಮಾತ್ರೆಗಳಲ್ಲಿ ಬಹುತೇಕ ಈ ಎರಡನೆಯ ಗುಂಪಿನವು. ಆದ್ದರಿಂದ ಮಾತ್ರೆಯ ರೂಪದಲ್ಲಿ ನುಂಗಿದ ಔಷಧಕ್ಕೆ ಟಿ48.1 ಬಂದಿದ್ದರೆ ಒಮ್ಮೆ ಅನುಮಾನಿಸಿ ನೋಡುವುದು ಒಳ್ಳೆಯದು.

ಹಾಗೆಂದು ಔಷಧ ಎಲ್ಲಿ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯೊಂದನ್ನೇ ನಂಬಿಕೊಂಡರೂ ಕೈಕೊಡುತ್ತದೆ. ಸೈಕ್ಲೋಬೆಂಜಪ್ರಿನ್ ಕೆಲಸ ಮಾಡುವುದು ಮಿದುಳಿನ ಮಟ್ಟದಲ್ಲಿ, ಆದರೆ ಅಮೆರಿಕದ ಔಷಧ ಕೋಷ್ಟಕ (ಔಷಧಗಳ ಹೆಸರಿನ ಎದುರು ಕೋಡ್ ಕೊಡುವ ಪಟ್ಟಿ) ಅದನ್ನು ಟಿ48.1ಕ್ಕೆ ಕಳುಹಿಸುತ್ತದೆ. ಡ್ಯಾಂಟ್ರೋಲೀನ್ ನೇರವಾಗಿ ಸ್ನಾಯುಕೋಶದೊಳಗೇ ಕೆಲಸ ಮಾಡುತ್ತದೆ, ಆದರೆ ಕೋಷ್ಟಕದಲ್ಲಿ ಅದು ಟಿ42.8. ಅಮೆರಿಕದ ಕಡತಗಳಲ್ಲಿ ಸೈಕ್ಲೋಬೆಂಜಪ್ರಿನ್ ಪದೇಪದೇ ಎದುರಾಗುವುದರಿಂದ ಮನೆಯಿಂದ ಕೆಲಸ ಮಾಡುವವರು ಈ ಅಪವಾದವನ್ನು ಬಾಯಿಪಾಠ ಮಾಡಿಕೊಂಡಿದ್ದರೂ ತಪ್ಪಿಲ್ಲ. ಕ್ರಮವೇನೆಂದರೆ, ಬ್ರ್ಯಾಂಡ್ ಹೆಸರಿನಿಂದ ಮೂಲ ಔಷಧದ ಹೆಸರಿಗೆ ಬರಬೇಕು, ಆ ಹೆಸರನ್ನು ಕೋಷ್ಟಕದಲ್ಲಿ ಹುಡುಕಬೇಕು, ಅಲ್ಲಿ ಸಿಕ್ಕ ಕೋಡನ್ನು ಹಾಗೆಯೇ ಹಾಕದೆ ಮುಖ್ಯ ಪಟ್ಟಿಗೆ ಹೋಗಿ ಆ ವರ್ಗದಡಿಯ ಸೇರ್ಪಡೆ, ಹೊರಗಿಡುವಿಕೆಯ ಟಿಪ್ಪಣಿಗಳನ್ನು ಓದಬೇಕು.

ನಯಸ್ನಾಯುವಿನ ವಿಷಯದಲ್ಲಿಯೂ ಇಂಥದೇ ಮೋಸವಿದೆ. ಹೊಟ್ಟೆನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್, ಹಯೋಸಿನ್ ಮತ್ತು ಪಪಾವೆರಿನ್ ಕರುಳಿನ ನಯಸ್ನಾಯುವನ್ನೇ ಸಡಿಲಿಸುತ್ತವೆ, ಆದರೂ ಅವುಗಳ ಜಾಗ ಟಿ44.3. ಹೆರಿಗೆ ವಾರ್ಡಿನ ಆಕ್ಸಿಟೋಸಿನ್, ಮಿಥೈಲ್ ಅರ್ಗೋಮೆಟ್ರಿನ್ ಟಿ48.0ಕ್ಕೆ ಸೇರಿದರೆ, ಅದೇ ವಾರ್ಡಿನಲ್ಲಿ ಗರ್ಭಕೋಶ ಕುಗ್ಗಿಸಲು ಬಳಸುವ ಮಿಸೊಪ್ರೊಸ್ಟಾಲ್ ಮೂಲತಃ ಜಠರದ ಆಮ್ಲ ತಗ್ಗಿಸುವ ಔಷಧವಾದ್ದರಿಂದ ಟಿ47.1ರಲ್ಲಿದೆ. ಇನ್ನು ಸ್ನಾಯುವಿನ ಮೇಲೆ ಕೆಲಸ ಮಾಡುವ ಔಷಧ ಬೇರೆ, ಸ್ನಾಯುವಿಗೆ ಹಾನಿ ಮಾಡಿದ ಔಷಧ ಬೇರೆ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ನುಂಗುತ್ತಿದ್ದವರಿಗೆ ಸ್ನಾಯು ಕರಗುವ ತೊಂದರೆ ಬಂದರೆ ಎಂ62.82 ಮೊದಲು, ಟಿ46.6ಎಕ್ಸ್5ಎ ನಂತರ, ಅಲ್ಲಿ ಟಿ48ಕ್ಕೆ ಕೆಲಸವೇ ಇಲ್ಲ.

ಕಾಫಿ ಸೀಮೆಯ ಕೋಡರ್‌ಗಳಿಗೆ ಇನ್ನೂ ಒಂದು ಮಾತು. ತೋಟಗಳಿಗೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಕೀಟನಾಶಕ ದೇಹ ಸೇರಿದರೂ ಸ್ನಾಯುಗಳು ಅದುರಿ, ಕೊನೆಗೆ ನಿಶ್ಚಲವಾಗಿ ಉಸಿರಾಟ ನಿಲ್ಲುವ ಹಂತ ಬರುತ್ತದೆ. ಲಕ್ಷಣ ಸ್ನಾಯುವಿನದೇ ಆದರೂ ಅದು ಔಷಧವಲ್ಲ; ಟಿ60.0 ಅದರ ವರ್ಗ. ಟಿ36ರಿಂದ ಟಿ50ರವರೆಗೆ ಔಷಧಗಳು, ಟಿ51ರಿಂದ ಟಿ65ರವರೆಗೆ ಔಷಧವಲ್ಲದ ವಸ್ತುಗಳು ಎಂಬ ಗಡಿಯನ್ನು ಮರೆಯಬಾರದು.

ಹೇಗೆ ತೆಗೆದುಕೊಂಡರು ಎಂಬುದೇ ಪ್ರಶ್ನೆ

ವೈದ್ಯರು ಸರಿಯಾಗಿ ಬರೆದು, ಸರಿಯಾಗಿ ಕೊಟ್ಟು, ರೋಗಿ ಹೇಳಿದಂತೆಯೇ ತೆಗೆದುಕೊಂಡ ಮೇಲೂ ತೊಂದರೆಯಾದರೆ ಅದು ಅಡ್ಡಪರಿಣಾಮ. ಆಗ ತೊಂದರೆಯ ಸ್ವರೂಪ ಮೊದಲು, ಔಷಧದ ಕೋಡ್ ನಂತರ. ತಪ್ಪು ಔಷಧ, ತಪ್ಪು ಪ್ರಮಾಣ, ತಪ್ಪು ಮಾರ್ಗ, ಬೇರೊಬ್ಬರಿಗೆ ಬರೆದ ಮಾತ್ರೆ, ಔಷಧದ ಜೊತೆಗೆ ಮದ್ಯ, ವೈದ್ಯರು ಬರೆದದ್ದರ ಜೊತೆಗೆ ಕೇಳದೆ ತೆಗೆದುಕೊಂಡ ಇನ್ನೊಂದು ಔಷಧ, ಇವೆಲ್ಲ ವಿಷಬಾಧೆ. ಆಗ ಔಷಧದ ಕೋಡ್ ಮೊದಲು, ಲಕ್ಷಣಗಳು ನಂತರ. ತಪ್ಪು ಮಾಡಿದವರು ರೋಗಿಯೋ, ನರ್ಸೋ, ವೈದ್ಯರೋ ಎಂಬುದರಿಂದ ಇದು ಬದಲಾಗುವುದಿಲ್ಲ.

ಒಂದು ಕಡತವನ್ನು ಕಲ್ಪಿಸಿಕೊಂಡು ಬಿಡಿಸಿ ನೋಡೋಣ. ಮೂಡಿಗೆರೆ ಕಡೆಯ ತೋಟವೊಂದರ ಲೈನ್‌ಮನೆಯಲ್ಲಿರುವ ಕಾರ್ಮಿಕ. ಕಾಫಿ ಕೊಯ್ಲಿನ ದಿನಗಳಲ್ಲಿ ಮೂಟೆ ಹೊತ್ತು ಸೊಂಟ ಹಿಡಿದಿದೆ. ವೈದ್ಯರು ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್ ಮತ್ತು ಕ್ಲೋರ್‌ಜೊಕ್ಸಜೋನ್ ಮೂರೂ ಸೇರಿದ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದಿದ್ದಾರೆ. ಆತ ಹಾಗೆಯೇ ನುಂಗಿ, ಮರುದಿನ ಕಣ್ಣು ಬಿಡಲಾರದಷ್ಟು ಮಂಪರಿನಲ್ಲಿ ಆಸ್ಪತ್ರೆಗೆ ಬಂದ, ವೈದ್ಯರು ಅದನ್ನು ಕ್ಲೋರ್‌ಜೊಕ್ಸಜೋನಿನ ಪರಿಣಾಮ ಎಂದು ಬರೆದರು ಎಂದಾದರೆ, ಅಮೆರಿಕದ ಪದ್ಧತಿಯಲ್ಲಿ ಮಂಪರಿಗೆ ಆರ್40.0 ಮೊದಲು, ಟಿ42.8ಎಕ್ಸ್5ಎ ನಂತರ. ಮಾತ್ರೆಯಲ್ಲಿ ಇನ್ನೆರಡು ಔಷಧಗಳಿದ್ದರೂ ಅವನ್ನು ವೈದ್ಯರು ದೂರಿಲ್ಲವಾದ್ದರಿಂದ ಅವಕ್ಕೆ ಅಡ್ಡಪರಿಣಾಮದ ಕೋಡ್ ಬೇಡ.

ಅದೇ ಮನುಷ್ಯ ನೋವು ತಡೆಯಲಾರದೆ ಸಂಜೆ ಒಟ್ಟಿಗೆ ನಾಲ್ಕು ಮಾತ್ರೆ ನುಂಗಿ, ಮೇಲೆ ಮದ್ಯ ಕುಡಿದು, ರಾತ್ರಿ ಎಬ್ಬಿಸಿದರೂ ಏಳದ ಸ್ಥಿತಿಯಲ್ಲಿ ಬಂದ ಎಂದುಕೊಳ್ಳಿ. ಈಗ ಲೆಕ್ಕ ತಿರುಗುತ್ತದೆ. ಟಿ42.8ಎಕ್ಸ್1ಎ, ಪ್ಯಾರಾಸಿಟಮಾಲಿಗೆ ಟಿ39.1ಎಕ್ಸ್1ಎ, ಅಸಿಕ್ಲೋಫೆನಾಕಿಗೆ ಟಿ39.391ಎ, ಮದ್ಯಕ್ಕೆ ಟಿ51.0ಎಕ್ಸ್1ಎ, ಇವು ಮೊದಲು. ಪ್ರಜ್ಞೆಯ ಸ್ಥಿತಿ, ಯಕೃತ್ತಿನ ತೊಂದರೆ ಇತ್ಯಾದಿ ನಂತರ. ಸಂಯುಕ್ತ ಮಾತ್ರೆಯ ಪ್ರತಿಯೊಂದು ಘಟಕಕ್ಕೂ ಬೇರೆ ಕೋಡ್ ಹಾಕುವುದು ನಿಯಮ. ಎರಡು ಘಟಕಗಳಿಗೆ ಒಂದೇ ಕೋಡ್ ಬಂದರೆ ಮಾತ್ರ ಒಮ್ಮೆ ಹಾಕಿದರೆ ಸಾಕು. ಇದು ಉದ್ದ ಎನಿಸಬಹುದು, ಆದರೆ ಸ್ನಾಯು ಸಡಿಲಿಸುವ ಘಟಕವನ್ನಷ್ಟೇ ಹಾಕಿ ಪ್ಯಾರಾಸಿಟಮಾಲನ್ನು ಬಿಟ್ಟರೆ ಆ ಕಡತದ ಅತ್ಯಂತ ಅಪಾಯಕಾರಿ ಔಷಧವೇ ದಾಖಲೆಯಿಂದ ಮಾಯವಾದಂತಾಗುತ್ತದೆ.

ಗಡಿಯಲ್ಲಿ ನಿಲ್ಲುವ ಪ್ರಕರಣಗಳಲ್ಲಿ ಡಯಾಲಿಸಿಸ್ ರೋಗಿಯ ಬ್ಯಾಕ್ಲೋಫೆನ್ ಪ್ರಸಂಗ ಮುಖ್ಯವಾದದ್ದು. ಬ್ಯಾಕ್ಲೋಫೆನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವ ಔಷಧ. ಮೂತ್ರಪಿಂಡ ಸೋತವರಲ್ಲಿ ಸಾಮಾನ್ಯ ಪ್ರಮಾಣವೂ ದೇಹದಲ್ಲಿ ಉಳಿದು ಗೊಂದಲ, ಮಂಪರು, ಪ್ರಜ್ಞಾಹೀನತೆಗೆ ದಾರಿಯಾಗುತ್ತದೆ. ಕಡತದಲ್ಲಿ ಬ್ಯಾಕ್ಲೋಫೆನ್ ಟಾಕ್ಸಿಸಿಟಿ ಎಂದು ಬರೆದಿರುವುದನ್ನು ಕಂಡ ಕೂಡಲೇ ವಿಷಬಾಧೆಯ ಕೋಡಿಗೆ ಕೈಹಾಕುವವರು ಬಹಳ. ವೈದ್ಯರು ಬರೆದ ಪ್ರಮಾಣವನ್ನೇ ರೋಗಿ ತೆಗೆದುಕೊಂಡಿದ್ದು, ಪ್ರಮಾಣ ತಪ್ಪಾಗಿತ್ತೆಂದು ಎಲ್ಲಿಯೂ ದಾಖಲಾಗಿಲ್ಲದಿದ್ದರೆ ಅದು ಅಡ್ಡಪರಿಣಾಮವೇ: ವಿಷಜನ್ಯ ಮಿದುಳಿನ ತೊಂದರೆ ಎಂದು ವೈದ್ಯರು ಗುರುತಿಸಿದ್ದರೆ ಜಿ92.8, ನಂತರ ಟಿ42.8ಎಕ್ಸ್5ಎ, ಜೊತೆಗೆ ಕೊನೆಯ ಹಂತದ ಮೂತ್ರಪಿಂಡ ರೋಗದ ಎನ್18.6 ಮತ್ತು ಡಯಾಲಿಸಿಸ್ ಅವಲಂಬನೆಯ ಜೆಡ್99.2. ಪ್ರಮಾಣವನ್ನು ಮೂತ್ರಪಿಂಡಕ್ಕೆ ಹೊಂದಿಸದೆ ಬರೆದದ್ದು ತಪ್ಪಾಯಿತೆಂದು ವೈದ್ಯರೇ ಬರೆದಿದ್ದರೆ ಟಿ42.8ಎಕ್ಸ್1ಎ ಮುಂದೆ ಬರುತ್ತದೆ. ಆ ತೀರ್ಮಾನ ಕೋಡರ್‌ನದಲ್ಲ. ಸಂದೇಹವಿದ್ದರೆ ವೈದ್ಯರಿಗೆ ಲಿಖಿತ ಪ್ರಶ್ನೆ ಕಳುಹಿಸಬೇಕು. ಅದೂ ಉತ್ತರವನ್ನು ಬಾಯಿಗೆ ತುರುಕುವಂತಿರಬಾರದು.

ಬ್ಯಾಕ್ಲೋಫೆನನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೂ ಫಿಟ್ಸ್ ಬರಬಹುದು, ಸೆಟೆತ ಮರುಕಳಿಸಬಹುದು. ಹಣವಿಲ್ಲದೆ ಮಾತ್ರೆ ಬಿಟ್ಟವರ ಕಡತ ಇದಕ್ಕೆ ಒಳ್ಳೆಯ ನಿದರ್ಶನ. ಫಿಟ್ಸ್‌ಗೆ ಆರ್56.9, ನಂತರ ಟಿ42.8ಎಕ್ಸ್6ಎ, ಹಣದ ಅಡಚಣೆಯಿಂದ ಬಿಟ್ಟದ್ದಕ್ಕೆ ಜೆಡ್91.120. ಆರನೆಯ ಸ್ಥಾನದಲ್ಲಿ 6 ಇರುವ ಕೋಡ್ ಯಾವತ್ತೂ ಮೊದಲನೆಯದಾಗಿ ಬರುವಂತಿಲ್ಲ.

ಉದ್ದೇಶವನ್ನು ಊಹಿಸಬೇಡಿ

ವಿಷಬಾಧೆಯ ಕಡತಗಳು ನಮ್ಮಲ್ಲಿ ಹೆಚ್ಚಾಗಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಆಗಿ ದಾಖಲಾಗುತ್ತವೆ. ಮನೆಯವರು ಗೊತ್ತಿಲ್ಲದೆ ತಗೊಂಡ್ರು ಎನ್ನುತ್ತಾರೆ, ಡ್ಯೂಟಿ ಡಾಕ್ಟರು ಸೇವಿಸಿದ್ದಾರೆನ್ನಲಾದ ಎಂದು ಬರೆದು ಬಿಡುತ್ತಾರೆ, ಮರುದಿನ ಮನೋವೈದ್ಯರ ಟಿಪ್ಪಣಿ ಬೇರೆಯೇ ಕಥೆ ಹೇಳುತ್ತದೆ. ಅಮೆರಿಕದ ನಿಯಮದಲ್ಲಿ ಉದ್ದೇಶ ದಾಖಲಾಗದಿದ್ದರೆ ಆಕಸ್ಮಿಕ ಎಂದೇ ಹಾಕಬೇಕು. ಉದ್ದೇಶವನ್ನು ನಿರ್ಧರಿಸಲಾಗುತ್ತಿಲ್ಲ ಎಂದು ದಾಖಲೆಯೇ ಹೇಳಿದಾಗ ಮಾತ್ರ 4 ಎಂಬ ಅಂಕೆ ಬಳಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಟಿ48ರ ಔಷಧಕ್ಕೆ ಆಕಸ್ಮಿಕವಾದರೆ ಎಕ್ಸ್44, ಸ್ವಹಾನಿಯಾದರೆ ಎಕ್ಸ್64, ನಿರ್ಧಾರವಾಗದಿದ್ದರೆ ವೈ14. ಇಲ್ಲಿ ಒಂದು ಸೂಕ್ಷ್ಮವಿದೆ: ಬ್ಯಾಕ್ಲೋಫೆನಿನಂಥ ಟಿ42.8ರ ಔಷಧವಾದರೆ ಈ ಮೂರೂ ಬದಲಾಗಿ ಎಕ್ಸ್41, ಎಕ್ಸ್61, ವೈ11 ಆಗುತ್ತವೆ, ಅಡ್ಡಪರಿಣಾಮವಾದರೆ ವೈ55ರ ಬದಲು ವೈ46.8. ಔಷಧದ ವರ್ಗ ತಪ್ಪಿದರೆ ಬಾಹ್ಯ ಕಾರಣವೂ ಜೊತೆಯಲ್ಲಿಯೇ ತಪ್ಪುತ್ತದೆ.

ದಿನದ ಕೊನೆಗೆ ಕೋಡರ್ ಆಧಾರವಾಗಿ ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಮಾಡಿದ ವೈದ್ಯರ ದಾಖಲೆಯನ್ನು. ಪೊಲೀಸರಿಗೆ ಕಳುಹಿಸಿದ ಇಂಟಿಮೇಷನ್, ನೆರೆಯವರ ಮಾತು, ಸ್ವಂತ ಅನುಮಾನ ಯಾವುದೂ ಅದರ ಜಾಗ ತುಂಬುವುದಿಲ್ಲ. ಸ್ವಹಾನಿಯ ಕೋಡ್ ಒಂದು ಕುಟುಂಬದ ಮೇಲೆ, ವಿಮೆಯ ಮೇಲೆ ಬೀರುವ ಪರಿಣಾಮ ಸಣ್ಣದಲ್ಲ.

ಆಪರೇಷನ್ ಥಿಯೇಟರ್ ಮತ್ತು ಹೆರಿಗೆ ವಾರ್ಡ್

ಟಿ48.1 ನಿಜವಾಗಿ ಬಳಕೆಯಾಗುವುದು ಇಲ್ಲಿ. ಸಕ್ಸಿನೈಲ್‌ಕೋಲಿನ್ ಕೊಟ್ಟ ನಂತರ ಕೆಲವು ನಿಮಿಷಗಳಲ್ಲಿ ಮರಳಬೇಕಾದ ಉಸಿರು ಗಂಟೆಗಟ್ಟಲೆ ಮರಳದಿರುವುದುಂಟು. ಆ ಔಷಧವನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಹೀಗಾಗುತ್ತದೆ. ಔಷಧವೂ ಸರಿ, ಪ್ರಮಾಣವೂ ಸರಿ, ಆದ್ದರಿಂದ ಇದು ಅಡ್ಡಪರಿಣಾಮ. ರೋಗಿ ವೆಂಟಿಲೇಟರಿನಲ್ಲಿದ್ದರೆಂಬ ಕಾರಣಕ್ಕೆ ವಿಷಬಾಧೆಯಾಗುವುದಿಲ್ಲ. ಅಟ್ರಾಕ್ಯೂರಿಯಂನಿಂದ ಅನಫಿಲ್ಯಾಕ್ಸಿಸ್ (ಜೀವಕ್ಕೇ ಕುತ್ತಾಗುವ ತೀವ್ರ ಅಲರ್ಜಿ) ಆದರೆ ಟಿ88.6ಎಕ್ಸ್‌ಎಕ್ಸ್ಎ ಮೊದಲು, ಟಿ48.1ಎಕ್ಸ್5ಎ ನಂತರ. ಅರಿವಳಿಕೆಯಿಂದ ದೇಹದ ಉಷ್ಣತೆ ವಿಪರೀತ ಏರುವ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾಗೆ ಟಿ88.3ಎಕ್ಸ್‌ಎಕ್ಸ್ಎ ಮೊದಲು ಬಂದು, ಕಾರಣ ಸಕ್ಸಿನೈಲ್‌ಕೋಲಿನ್ ಎಂದು ದಾಖಲಾಗಿದ್ದರೆ ಅದೇ ಕೋಡ್ ಹಿಂಬಾಲಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಆಂಪೂಲ್ ಅದಲುಬದಲಾಗಿ ವಾಂತಿ ನಿಲ್ಲಿಸುವ ಔಷಧದ ಬದಲು ವೆಕ್ಯುರೋನಿಯಂ ಹೋಗಿದ್ದರೆ ಅದು ಟಿ48.1ಎಕ್ಸ್1ಎ, ರೋಗಿ ಹತ್ತು ನಿಮಿಷದಲ್ಲಿ ಚೇತರಿಸಿಕೊಂಡಿದ್ದರೂ ಅಷ್ಟೇ.

ಹೆರಿಗೆಯ ಕಡತದಲ್ಲಿ ಓ ಅಕ್ಷರದ ಅಧ್ಯಾಯಕ್ಕೆ ಮೊದಲ ಸ್ಥಾನ. ಆಕ್ಸಿಟೋಸಿನ್ ಡ್ರಿಪ್ ಸರಿಯಾದ ವೇಗದಲ್ಲಿ ಓಡುತ್ತಿದ್ದಾಗಲೇ ಗರ್ಭಕೋಶ ಬಿಡುವಿಲ್ಲದೆ ಬಿಗಿದುಕೊಂಡಿತೆಂದು ವೈದ್ಯರು ಬರೆದಿದ್ದರೆ ಓ62.4, ನಂತರ ಟಿ48.0ಎಕ್ಸ್5ಎ. ಡ್ರಿಪ್ಪಿನ ವೇಗವನ್ನು ತಪ್ಪಾಗಿ ಏರಿಸಿದ್ದರಿಂದ ಆದದ್ದೆಂದು ದಾಖಲಾಗಿದ್ದರೆ ಅದು ವಿಷಬಾಧೆ, ಆಗ ಹೆರಿಗೆಯನ್ನು ತೊಡಕಾಗಿಸಿದ ವಿಷಬಾಧೆಯ ಓ9ಎ.22 ಮುಂದೆ, ಟಿ48.0ಎಕ್ಸ್1ಎ ಅದರ ಹಿಂದೆ.

ಉಸಿರಾಟದ ಔಷಧಗಳು

ಇಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. ಒಣಕೆಮ್ಮಿನ ಡೆಕ್ಸ್ಟ್ರೊಮೆಥಾರ್ಫಾನ್ ಟಿ48.3, ಕಫ ಸಡಿಲಿಸುವ ಆಂಬ್ರಾಕ್ಸಾಲ್, ಬ್ರೊಮ್‌ಹೆಕ್ಸಿನ್ ಟಿ48.4, ಆಸ್ತಮಾದ ಸಾಲ್ಬುಟಮಾಲ್, ಥಿಯೋಫಿಲಿನ್ ಟಿ48.6. ನೆಬ್ಯುಲೈಸೇಷನ್ ನಂತರ ಮಗುವಿನ ಎದೆಬಡಿತ ಏರಿದರೆ ಆರ್00.0 ಮತ್ತು ಟಿ48.6ಎಕ್ಸ್5ಎ. ಕೆಮ್ಮಿನ ಸಿರಪ್ಪಿನಲ್ಲಿ ಕೋಡೀನ್ ಇದ್ದರೆ ಅದು ಟಿ40.2ಕ್ಕೂ, ಕ್ಲೋರ್‌ಫೆನಿರಮಿನ್ ಇದ್ದರೆ ಟಿ45.0ಕ್ಕೂ ಹೋಗುತ್ತದೆ, ಆದ್ದರಿಂದ ಬಾಟಲಿಯ ಲೇಬಲ್ಲಿನ ವಿವರ ಕೇಸ್ ಶೀಟಿನಲ್ಲಿ ಇರಲೇಬೇಕು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಸುದ್ದಿಯಲ್ಲಿ ಕೇಳಿಬಂದ ಡೈಎಥಿಲೀನ್ ಗ್ಲೈಕಾಲ್ ಸಿರಪ್ಪಿನ ಮೂಲಕ ದೇಹ ಸೇರಿದರೂ ಔಷಧವಲ್ಲ, ಕೈಗಾರಿಕೆಯ ದ್ರಾವಕ. ಅದರ ಪರಿಣಾಮ ಟಿ52.3ಕ್ಕೆ ಸೇರಬೇಕೇ ಹೊರತು ಕೆಮ್ಮಿನ ಔಷಧದ ವರ್ಗಕ್ಕಲ್ಲ.

ಕೊನೆಯ ಅಕ್ಷರ ಮತ್ತು ಮರಣ ಪ್ರಮಾಣಪತ್ರ

ಏಳನೆಯ ಸ್ಥಾನದ ಎ ಎಂದರೆ ಮೊದಲ ಭೇಟಿ ಎಂದಲ್ಲ, ಸಕ್ರಿಯ ಚಿಕಿತ್ಸೆ ನಡೆಯುತ್ತಿರುವ ಅವಧಿ. ನಮ್ಮ ಕಡೆಯ ಹೋಲಿಕೆ ಕೊಡುವುದಾದರೆ, ಸಕಲೇಶಪುರದಲ್ಲಿ ಪ್ರಥಮ ಚಿಕಿತ್ಸೆ ಪಡೆದು ಹಾಸನಕ್ಕೆ ರೆಫರ್ ಆದಂಥವರು ಎರಡನೆಯ ಆಸ್ಪತ್ರೆಯಲ್ಲಿಯೂ ಎ ಅಕ್ಷರಕ್ಕೇ ಅರ್ಹರು. ಚೇತರಿಕೆಯ ಹಂತದ ಭೇಟಿಗಳಿಗೆ ಡಿ. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಿ ತಿಂಗಳುಗಳ ನಂತರ ಬಂದರೆ ಜಿ93.1 ಮೊದಲು, ಎಸ್ ಅಕ್ಷರದಿಂದ ಮುಗಿಯುವ ಔಷಧದ ಕೋಡ್ ನಂತರ.

ರೋಗಿ ತೀರಿಕೊಂಡಾಗ ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ ಮರಣದ ಮೂಲ ಕಾರಣವಾಗಿ ದಾಖಲಾಗುವುದು ಟಿ48 ಅಲ್ಲ, ಎಕ್ಸ್44ರಂಥ ಬಾಹ್ಯ ಕಾರಣದ ಕೋಡ್. ಟಿ48 ಹಾನಿಯ ಸ್ವರೂಪವನ್ನು ತಿಳಿಸಲು ಜೊತೆಗಿರುತ್ತದೆ. ಪ್ರಮಾಣಪತ್ರದಲ್ಲಿ ಹೃದಯ ಮತ್ತು ಉಸಿರಾಟ ನಿಂತದ್ದು ಎಂದಷ್ಟೇ ಬರೆದು ಔಷಧದ ಹೆಸರನ್ನು ಬಿಟ್ಟಿದ್ದರೆ ಈ ಯಾವ ಕೋಡೂ ಹಾಕಲು ಬರುವುದಿಲ್ಲ, ಆದ್ದರಿಂದ ಪ್ರಮಾಣಪತ್ರ ನೋಂದಣಿಗೆ ಹೋಗುವ ಮುನ್ನವೇ ವೈದ್ಯರಿಂದ ಅದನ್ನು ತುಂಬಿಸಿಕೊಳ್ಳಬೇಕು.

ಅಡ್ಡಪರಿಣಾಮದ ಕೋಡ್ ಹಾಕಿದ ಮಾತ್ರಕ್ಕೆ ಅದು ಭಾರತದ ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮದ ಮೇಲೆ ನಿಗಾ ಇಡುವ) ಕಾರ್ಯಕ್ರಮಕ್ಕೆ ವರದಿಯಾದಂತಲ್ಲ. 2010ರಲ್ಲಿ ಆರಂಭವಾದ ಈ ಕಾರ್ಯಕ್ರಮದ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದೆ. ಅದಕ್ಕೆ ಶಂಕಿತ ಅಡ್ಡಪರಿಣಾಮದ ಬೇರೆಯೇ ಫಾರಂ ಉಂಟು. ಇಲ್ಲಿಯ ಆಸ್ಪತ್ರೆಗಳಲ್ಲಿ ವೈ55, ವೈ46ರಂಥ ಅಡ್ಡಪರಿಣಾಮದ ಕೋಡ್ ಬಂದ ಕಡತಗಳನ್ನು ವಾರಕ್ಕೊಮ್ಮೆ ಬೇರೆಯಾಗಿ ತೆಗೆದು ಸಂಬಂಧಪಟ್ಟ ವೈದ್ಯರಿಗೋ ಔಷಧಶಾಸ್ತ್ರ ವಿಭಾಗಕ್ಕೋ ಕೊಟ್ಟರೆ ಫಾರಂ ತುಂಬುವ ಕೆಲಸ ಅವರಿಗೆ ಹಗುರವಾಗುತ್ತದೆ.